‘ಬೇಜಾರು’ ಶೇಕಡಾ ಎಷ್ಟು? ಜರ್ನಲ್ ಸಂಪಾದಕರಿಗೂ ವಿಮರ್ಶಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೋದ ವಾರ ನನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿರುವ ಹುಡುಗಿಗೆ ಒಂದು ಜರ್ನಲ್‌ನಿಂದ ಮೇಲ್ ಬಂತು. ಯಾವ ಜರ್ನಲ್ ಅಂತ ಹೇಳುವುದಿಲ್ಲ. ಹೇಳಿದರೆ ಇದು ಒಬ್ಬರ ಮೇಲಿನ ದೂರಾಗಿಬಿಡುತ್ತದೆ, ಉಳಿದವರು ‘ಸದ್ಯ, ನಮ್ಮದಲ್ಲ’ ಅಂತ ಪುಟ ತಿರುಗಿಸುತ್ತೀರಿ. ಪ್ರಬಂಧವನ್ನು ಮೂರನೇ ಸಲ ತಿದ್ದಿ ಕಳಿಸಿ ಅಂತ ಬರೆದಿದ್ದರು, ಜೊತೆಗೆ ಇಬ್ಬರು ವಿಮರ್ಶಕರ (ಅಚ್ಚಿಗೆ ಮುಂಚೆ ಪ್ರಬಂಧ ಓದಿ ಸಲಹೆ ಹೇಳುವವರ) ಟಿಪ್ಪಣಿ ಇತ್ತು. ಮೊದಲನೆಯವರು ಎರಡು ಸಾಲು ಹೊಗಳಿ ಒಂದು ಕಾಗುಣಿತ ತಿದ್ದಿದ್ದರು. ಎರಡನೆಯವರು (ಈ ‘ಎರಡನೇ ರಿವ್ಯೂವರ್’ ಪ್ರಪಂಚದ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಒಂದು ಜೋಕು, ನಿಮಗೂ ಗೊತ್ತು) ನಾಲ್ಕು ಪ್ರಶ್ನೆ ಕೇಳಿದ್ದರು. ಮಾತಾಡಿಸಿದ್ದು 22 ಹೆಂಗಸರನ್ನು ಮಾತ್ರ, ಇಷ್ಟರಿಂದ ಎಲ್ಲರಿಗೂ ಅನ್ವಯಿಸುವ ಮಾತು ಹೇಗೆ ಹೇಳುತ್ತೀರಿ? ‘ಬೇಜಾರು’ ಅಂದವರು ಶೇಕಡಾ ಎಷ್ಟು? ಇಬ್ಬರು ಕೋಡರ್‌ಗಳ ನಡುವಿನ ಕಪ್ಪಾ (ಒಂದೇ ಮಾತನ್ನು ಇಬ್ಬರು ಗುಂಪು ಮಾಡಿದಾಗ ಎಷ್ಟು ಹೊಂದಿತು ಅನ್ನುವ ಅಂಕಿ) ಎಷ್ಟು? ಒಂದೇ ಕನ್ನಡ ಪದಕ್ಕೆ ನಾಲ್ಕು ಇಂಗ್ಲಿಷ್ ಪದ ಬಳಸಿದ್ದೀರಿ, ಯಾವುದಾದರೂ ಒಂದನ್ನು ಇಟ್ಟುಕೊಳ್ಳಬಾರದೇ?

ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮೊಬೈಲ್‌ನಲ್ಲಿ ಇದನ್ನೆಲ್ಲ ಓದಿ ಹೇಳಿದಳು. ಆಮೇಲೆ, ‘ಮೇಡಂ, ಪರ್ಸೆಂಟೇಜ್ ಹಾಕ್ಬಿಡ್ಲಾ? 22ರಲ್ಲಿ 17 ಜನ, 77.3 ಬರುತ್ತೆ’ ಅಂದಳು. ‘ಹಾಕ್ಬಿಡು ಮಾರಾಯ್ತಿ, ಮುಗೀಲಿ’ ಅನ್ನುವ ಮಾತು ನನ್ನ ಬಾಯಿ ತುದಿಗೆ ಬಂದಿತ್ತು. ಆ ಮಾತು ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೇ ನಾಚಿಕೆಯಾಯಿತು. ಈ ಪತ್ರ ಹುಟ್ಟಿದ್ದು ಅಲ್ಲಿ.

ಆಕೆ ಏನು ಮಾಡಿದ್ದಾಳೆ ಅಂತ ಮೊದಲು ಹೇಳುತ್ತೇನೆ. ಪೀಣ್ಯದ ಆಸುಪಾಸು, ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರದ ಕಡೆಯ ಗಾರ್ಮೆಂಟ್ಸ್ ಹೆಂಗಸರ ಜೊತೆ ಒಂದೂವರೆ ವರ್ಷ ಓಡಾಡಿದ್ದಾಳೆ. ಅವರು ಸಿಗುವುದು ಭಾನುವಾರ ಮಾತ್ರ. ಭಾನುವಾರವೆಂದರೆ ವಾರದ ಬಟ್ಟೆಯೆಲ್ಲ ಒಗೆಯುವ ದಿನ. ಹಾಗಾಗಿ ಅವಳ ರೆಕಾರ್ಡಿಂಗ್‌ಗಳಲ್ಲಿ ಮಾತಿಗಿಂತ ಮುಂಚೆ ಕೇಳುವುದು ಕಲ್ಲಿಗೆ ಬಟ್ಟೆ ಬಡಿಯುವ ಸದ್ದು, ನಲ್ಲಿ ನಿಂತುಹೋಯಿತು ಅಂತ ಯಾರೋ ಕೂಗುವುದು, ಪಕ್ಕದ ಮನೆ ಕುಕ್ಕರಿನ ಸೀಟಿ. ಒಂದು ಗಂಟೆಯ ಇಂಥ ಧ್ವನಿಯನ್ನು ಅಕ್ಷರಕ್ಕಿಳಿಸಲು ಆರೇಳು ಗಂಟೆ ಬೇಕು. 22 ಜನ ಅಂದರೆ 22 ಭೇಟಿ ಅಂತ ನಿಮ್ಮ ವಿಮರ್ಶಕರು ಓದಿಕೊಂಡಿದ್ದಾರೆ. ಕೆಲವರ ಮನೆಗೆ ಆಕೆ ನಾಲ್ಕೈದು ಸಲ ಹೋಗಿದ್ದಾಳೆ. ಮಾಗಡಿ ಕಡೆಯಿಂದ ಬಂದ ಒಬ್ಬ ಹೆಂಗಸು, ಲಕ್ಷ್ಮಕ್ಕ ಅಂತಿಟ್ಟುಕೊಳ್ಳೋಣ (ಹೆಸರು ಬದಲಿಸಿದ್ದೇನೆ), ಮೊದಲ ಸಲ ಇವಳನ್ನು ‘ಮೇಡಂ’ ಅಂದರು, ಕುರ್ಚಿ ಹಾಕಿ ತಾವು ನಿಂತರು, ಎಲ್ಲ ಪ್ರಶ್ನೆಗೂ ‘ಚೆನ್ನಾಗಿದೆ, ಏನೂ ತೊಂದ್ರೆ ಇಲ್ಲ’ ಅಂದರು. ಮೂರನೇ ಸಲ ಹೋದಾಗ ‘ಮೇಡಂ’ ಹೋಗಿ ‘ಕಣಮ್ಮ’ ಬಂದಿತ್ತು. ಕುರ್ಚಿ ಹೋಗಿ ಚಾಪೆ ಬಂದಿತ್ತು. ಸೊಪ್ಪು ಬಿಡಿಸುತ್ತಾ ಲಕ್ಷ್ಮಕ್ಕ ಹೇಳಿದ್ದು ಇದು:

‘ನೀರ್ ಕುಡಿಯೋದೇ ಬಿಟ್ಬಿಟ್ಟಿದೀನಿ ಕಣಮ್ಮ. ಬೆಳಗ್ಗೆ ಅರ್ಧ ಲೋಟ ಕಾಫಿ, ಊಟದ ಹೊತ್ಗೆ ಒಂದ್ ಗುಟುಕು, ಅಷ್ಟೇಯ. ಕುಡುದ್ರೆ ಎದ್ದೋಗ್ಬೇಕಲ್ಲ? ಎದ್ದೋದ್ರೆ ಪೀಸ್ ಗುಡ್ಡೆ ಬೀಳುತ್ತೆ. ಈಗ ಬಾಯಾರ್ಕೆನೂ ಆಗಲ್ಲ, ಮೈಗೇ ಗೊತ್ತಾಗ್ಬಿಟ್ಟದೆ.’

ಆ ಕಾರ್ಖಾನೆಗೆ ಯಾರಾದರೂ ಪ್ರಶ್ನಾವಳಿ ಹಿಡಿದು ಹೋದರು ಅನ್ನಿ. ಕುಡಿಯುವ ನೀರಿನ ವ್ಯವಸ್ಥೆ ಇದೆಯೇ? ಇದೆ. ಶೌಚಾಲಯ ಇದೆಯೇ? ಇದೆ. ಹೋಗಲು ಯಾರಾದರೂ ತಡೆಯುತ್ತಾರೆಯೇ? ಇಲ್ಲ. ಲಕ್ಷ್ಮಕ್ಕನೂ ಮೂರಕ್ಕೂ ಇದೇ ಉತ್ತರ ಕೊಡುತ್ತಾರೆ, ಮೂರೂ ನಿಜ. ನೂರಕ್ಕೆ ನೂರು ಅಂತ ಕೋಷ್ಟಕ ತುಂಬುತ್ತದೆ, ಪ್ರಬಂಧ ಒಂದೇ ಸುತ್ತಿನಲ್ಲಿ ಅಚ್ಚಾಗುತ್ತದೆ. ಆ ಕೋಷ್ಟಕದಲ್ಲಿ ಒಂದು ಅಂಕಿಯೂ ಸುಳ್ಳಿರುವುದಿಲ್ಲ, ಲಕ್ಷ್ಮಕ್ಕನೂ ಇರುವುದಿಲ್ಲ. ನಾನು ಅಂಕಿಗಳ ವೈರಿಯಲ್ಲ. ಎಷ್ಟು ಕಾರ್ಖಾನೆಗಳಲ್ಲಿ ಎಷ್ಟು ಹೆಂಗಸರು ಹೀಗೆ ನೀರು ಬಿಟ್ಟಿದ್ದಾರೆ ಅಂತ ಎಣಿಸುವವರು ಬೇಕೇ ಬೇಕು. ಆದರೆ ಏನನ್ನು ಎಣಿಸಬೇಕು ಅಂತ ಅವರಿಗೆ ಹೇಳುವುದು ಆ ಸೊಪ್ಪು ಬಿಡಿಸುವ ಹೊತ್ತು. ಆ ಹೊತ್ತಿಗೆ ಹೋಗಿ ‘ಎನ್ ಎಷ್ಟು?’ ಅಂತ, ಅಂದರೆ ಮಾತಾಡಿಸಿದ ತಲೆ ಎಷ್ಟು ಅಂತ ಕೇಳಿದರೆ ನಾವು ಏನು ಹೇಳೋಣ?

ಇನ್ನು ‘ಬೇಜಾರಿ’ನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಇದೇ. ಲಕ್ಷ್ಮಕ್ಕ ಒಂದೇ ಮಧ್ಯಾಹ್ನದಲ್ಲಿ ಈ ಪದವನ್ನು ನಾಲ್ಕು ಸಲ ಬಳಸಿದ್ದಾರೆ. ರಜೆ ದಿನ ಒಬ್ಬಳೇ ಕೂತಿದ್ದರೆ ‘ಬೇಜಾರಾಗುತ್ತೆ’. ಸೂಪರ್‌ವೈಸರ್ ಎಲ್ಲರೆದುರು ಪೀಸ್ ಎಸೆದು ಬೈದಾಗ ‘ಬೇಜಾರಾಯ್ತು’. ಗಂಡ ತೀರಿಕೊಂಡ ವರ್ಷ ‘ಬೇಜಾರಲ್ಲಿ ಊಟನೇ ಸೇರ್ತಿರ್ಲಿಲ್ಲ’. ಕೊನೆಗೆ, ಗೇಟಿನಿಂದ ಹೊರಗೆ ಬಂದು ಬಸ್ಸಿಗೆ ಕಾಯುತ್ತಾ ನಿಂತಾಗ ಕೆಲವೊಮ್ಮೆ ‘ಬದುಕೇ ಬೇಜಾರು ಅನ್ಸುತ್ತೆ’. ಕನ್ನಡ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮೊದಲನೆಯದು ಹೊತ್ತು ಹೋಗದಿರುವುದು, ಎರಡನೆಯದು ಅವಮಾನ, ಮೂರನೆಯದು ದುಃಖ. ನಾಲ್ಕನೆಯದಕ್ಕೆ ಬೇರೆ ಹೆಸರಿಡಲು ನನಗೂ ಧೈರ್ಯವಿಲ್ಲ. ಈ ಹುಡುಗಿ ನಾಲ್ಕಕ್ಕೂ ನಾಲ್ಕು ಇಂಗ್ಲಿಷ್ ಪದ ಹುಡುಕಿ, ಅಡಿಟಿಪ್ಪಣಿಯಲ್ಲಿ ಕಾರಣ ಬರೆದಿದ್ದಳು. ಪದಮಿತಿ ಮೀರಿತೆಂದು ಎರಡನೇ ಸುತ್ತಿನಲ್ಲಿ ಅಡಿಟಿಪ್ಪಣಿ ತೆಗೆಸಿದಿರಿ. ಮೂರನೇ ಸುತ್ತಿನಲ್ಲಿ ಕಾರಣ ಕಾಣುತ್ತಿಲ್ಲ ಅಂದಿರಿ.

ಒಂದು ವೇಳೆ ಒಂದೇ ಪದ ಆರಿಸಿದೆವು ಅನ್ನಿ. ‘ಖಿನ್ನತೆ’ಗೆ ಹೋಲುವ ಪದ ಆರಿಸಿದರೆ ಪೀಣ್ಯದ ಹೆಂಗಸರೆಲ್ಲ ರೋಗಿಗಳಾಗುತ್ತಾರೆ. ‘ಬೋರು’ ಅಂದರೆ ಯಾರಿಗೂ ಏನೂ ಆಗಿಲ್ಲ. ಎರಡರಲ್ಲಿ ಯಾವುದು ಅಚ್ಚಾದರೂ ಅದನ್ನು ಓದಿ ನಾಳೆ ಯಾವುದೋ ಸಮಿತಿ ಒಂದು ವರದಿ ಬರೆಯುತ್ತದೆ. ಅದಕ್ಕೇ ಮೂಲ ಪದವನ್ನು ಕನ್ನಡ ಅಕ್ಷರದಲ್ಲೇ ಬಿಡುತ್ತೇವೆ, ಪಕ್ಕದಲ್ಲಿ ಅನುವಾದ ಕೊಡುತ್ತೇವೆ ಅಂತ ಕೇಳಿಕೊಂಡೆವು. ನಿಮ್ಮ ಅಚ್ಚಿನ ವಿಭಾಗ ಆಗುವುದಿಲ್ಲ ಅಂತ ಬರೆಯಿತು. ಗ್ರೀಕಿನ ಆಲ್ಫಾ, ಬೀಟಾ, ಕಪ್ಪಾಗಳಿಗೆ ನಿಮ್ಮಲ್ಲಿ ಅಕ್ಷರವಿದೆ. ಕನ್ನಡದ ಬೇಜಾರಿಗಿಲ್ಲ.

ಈಗ ಕಪ್ಪಾ ಬಗ್ಗೆ ಒಂದು ತಪ್ಪೊಪ್ಪಿಗೆ. ಸಂಶೋಧನೆಯ ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಒಂದೇ ಮಾತಿನ ಪ್ರತಿಯನ್ನು ಇಬ್ಬರು ಬೇರೆಬೇರೆಯಾಗಿ ಓದಿ, ಈ ಸಾಲು ಈ ಗುಂಪಿಗೆ, ಆ ಸಾಲು ಆ ಗುಂಪಿಗೆ ಅಂತ ಚೀಟಿ ಅಂಟಿಸುತ್ತಾರೆ. ಇಬ್ಬರ ಚೀಟಿಗಳು ಎಷ್ಟು ಹೊಂದಿದವು, ಅದರಲ್ಲಿ ಕಾಕತಾಳೀಯವಾಗಿ ಹೊಂದಿದ್ದೆಷ್ಟು ಅಂತ ಕಳೆದು ಲೆಕ್ಕ ಹಾಕಿದರೆ ಬರುವುದು ಕಪ್ಪಾ. 1960ರಲ್ಲಿ ಜೇಕಬ್ ಕೊಹೆನ್ ಕೊಟ್ಟ ಸೂತ್ರ. ಇಬ್ಬರು ವೈದ್ಯರು ಒಂದೇ ಎಕ್ಸ್‌ರೇ ನೋಡಿ ಏನು ಹೇಳುತ್ತಾರೆ ಅಂತ ತಿಳಿಯಲು ಸೊಗಸಾದ ಸೂತ್ರ. ಕೆಲವು ವರ್ಷಗಳ ಹಿಂದೆ ನನ್ನ ಇನ್ನೊಬ್ಬ ವಿದ್ಯಾರ್ಥಿಗೆ ಹೀಗೇ ಕಪ್ಪಾ ಕೇಳಿದರು. ಅವನೂ ಅವನ ಗೆಳೆಯನೂ ವಿಜಯನಗರದ ಒಂದು ದರ್ಶಿನಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಮೊದಲು ಬಂದದ್ದು 0.61. ‘ಇದನ್ನ ನೀನು ಹಾಗೆ ಹಾಕಿದೀಯಲ್ಲ, ನನ್ ತರಾನೇ ಹಾಕ್ಬಿಡು’ ಅಂತ ಒಂದೊಂದೇ ಚೀಟಿ ಬದಲಿಸುತ್ತಾ ಹೋದರು. ಬೈ-ಟೂ ಕಾಫಿ ಎರಡನೇ ಸಲ ಬರುವಷ್ಟರಲ್ಲಿ 0.83 ಆಗಿತ್ತು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ತಡೆಯಲಿಲ್ಲ. ಕಾಫಿ ಬಿಲ್ ಕೊಟ್ಟಿದ್ದೂ ನಾನೇ. ಪ್ರಬಂಧ ಅಚ್ಚಾಯಿತು, ‘ಕಟ್ಟುನಿಟ್ಟಾದ ವಿಧಾನ’ ಅಂತ ವಿಮರ್ಶಕರು ಮೆಚ್ಚಿಕೊಂಡರು.

ಅಂದು ಅವರಿಬ್ಬರಿಗೂ ಸಾಲುಗಳು ಬೇರೆ ಬೇರೆಯಾಗಿ ಕಂಡಿದ್ದವಲ್ಲ, ಹಾಗೇಕೆ ಕಂಡವು ಅಂತ ಕೂತು ಮಾತಾಡಿದ್ದರೆ ಅದೇ ಒಂದು ಒಳ್ಳೆಯ ಅಧ್ಯಾಯವಾಗುತ್ತಿತ್ತು. ಒಬ್ಬ ಹಳ್ಳಿಯಿಂದ ಬಂದವನು, ಇನ್ನೊಬ್ಬ ಬಸವನಗುಡಿಯಲ್ಲಿ ಬೆಳೆದವನು. ‘ಊರಿಗೆ ಹೋಗೋದು’ ಅನ್ನುವ ಮಾತು ಇಬ್ಬರಿಗೂ ಒಂದೇ ಆಗಿರಲಿಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ನಮ್ಮ ವಿದ್ಯಾರ್ಥಿಗಳು ಬರೆಯುವ ಹೆಚ್ಚುಕಡಿಮೆ ಎಲ್ಲ ಪ್ರಬಂಧಗಳಲ್ಲೂ ವರ್ಜೀನಿಯಾ ಬ್ರಾನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ಅವರ 2006ರ ಲೇಖನದ ಉಲ್ಲೇಖ ಇರುತ್ತದೆ, ಥೀಮ್, ಅಂದರೆ ಜನರ ಮಾತುಗಳಲ್ಲಿ ಹರಿಯುವ ಅರ್ಥದ ಎಳೆ, ಹುಡುಕುವ ವಿಧಾನಕ್ಕೆ. ಅದರ ಮುಂದಿನ ಸಾಲಿನಲ್ಲೇ ಕಪ್ಪಾ ಇರುತ್ತದೆ. ತಾವು ಹೇಳುವ ವಿಶ್ಲೇಷಣೆಗೆ ಇಂಥ ತಾಳೆಯ ಅಂಕಿ ಒಗ್ಗುವುದಿಲ್ಲ ಅಂತ ಆ ಇಬ್ಬರೇ ಮತ್ತೆ ಮತ್ತೆ ಬರೆದಿದ್ದಾರೆ. ಥೀಮ್‌ಗಳು ತಾವಾಗಿ ‘ಮೂಡಿಬಂದವು’ ಅನ್ನುವ ವಾಕ್ಯಕ್ಕೂ ಅವರ ತಕರಾರಿದೆ. ಮೂಡಿಬರಲು ಅವೇನು ಮಳೆ ಬಿದ್ದ ಮಾರನೇ ದಿನದ ಅಣಬೆಗಳೇ? ಕೂತು ಓದಿ, ತಲೆ ಕೆರೆದುಕೊಂಡು, ಇದು ಮುಖ್ಯ ಇದು ಅಲ್ಲ ಅಂತ ನಿರ್ಧರಿಸಿದವರು ಯಾರೋ ಇದ್ದಾರೆ. ಆ ‘ನಾನು’ ಬಂದರೆ ನಿಮ್ಮ ಭಾಷಾ ಸಂಪಾದಕರು ಅದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸುತ್ತಾರೆ.

‘ಸ್ಯಾಚುರೇಶನ್’ ಕಥೆಯೂ ಇದೇ. ಹೊಸದಾಗಿ ಏನೂ ಸಿಗದಿದ್ದಾಗ ಸಂದರ್ಶನ ನಿಲ್ಲಿಸಿದೆವು ಅನ್ನುವ ವಾಕ್ಯ. ಸಮಾಜಶಾಸ್ತ್ರಜ್ಞರಾದ ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಇದನ್ನು ಹೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಸಿದ್ಧಾಂತ ಕಟ್ಟುವ ಕೆಲಸ: ಒಂದು ಪರಿಕಲ್ಪನೆ ತುಂಬಿಕೊಂಡಿತೇ ಇಲ್ಲವೇ ಅನ್ನುವುದು. ಮುಂದೆ 2006ರಲ್ಲಿ ಗೆಸ್ಟ್ ಮತ್ತು ಸಂಗಡಿಗರು ಘಾನಾ ಮತ್ತು ನೈಜೀರಿಯಾದ ಹೆಂಗಸರ ಜೊತೆ ನಡೆಸಿದ್ದ 60 ಸಂದರ್ಶನಗಳನ್ನು ಹಿಂದಿರುಗಿ ನೋಡಿ, ಮೊದಲ 12ರಲ್ಲೇ ಹೆಚ್ಚಿನದೆಲ್ಲ ಬಂದುಬಿಟ್ಟಿತ್ತು ಅಂತ ತೋರಿಸಿದರು. ಒಂದೇ ಬಗೆಯ ಜನ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಇದ್ದಾಗ ಈ ಮಾತು ಅಂತ ಅವರೇ ಷರತ್ತು ಹಾಕಿದ್ದರು. ಷರತ್ತು ಅಲ್ಲೇ ಉಳಿಯಿತು, 12 ಮಾತ್ರ ಪ್ರಪಂಚ ಸುತ್ತಿತು. ಈಗ 12ಕ್ಕಿಂತ ಕಡಿಮೆ ಇದ್ದರೆ ವಾಪಸು. ನಾನೇ ಎಷ್ಟು ಮಕ್ಕಳಿಗೆ ‘18ನೇ ಸಂದರ್ಶನಕ್ಕೆ ಸ್ಯಾಚುರೇಶನ್ ಆಯಿತು’ ಅಂತ ಬರೆಸಿದ್ದೇನೋ ಲೆಕ್ಕವಿಲ್ಲ. ನಿಜವಾಗಿ ನಿಲ್ಲಿಸಿದ್ದು ಫೆಲೋಶಿಪ್ ಮುಗಿದಿದ್ದಕ್ಕೆ, ಮದುವೆ ಗೊತ್ತಾಗಿದ್ದಕ್ಕೆ, ಆ ಕಾರ್ಖಾನೆಯವರು ಗೇಟ್ ಹತ್ತಿರ ನಿಲ್ಲಬೇಡಿ ಅಂದಿದ್ದಕ್ಕೆ. ಹಾಗಂತ ಬರೆದರೆ ನೀವು ಅಚ್ಚು ಹಾಕುತ್ತೀರಾ?

ನನ್ನ ಮನೆ ನಾಗರಭಾವಿಯಲ್ಲಿ. ಬೆಳಗಿನ ವಾಕಿಂಗ್‌ಗೆ ಹೊರಟರೆ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಗೇಟಿನವರೆಗೂ ಹೋಗಿ ಬರುತ್ತೇನೆ. 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಆ ಸಂಸ್ಥೆಗೆ ದೆಹಲಿ ಬಿಟ್ಟು ಬಂದವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಹೋಗಿ ಕೂತರು, ಬರಹದಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. ‘ಪ್ರಬಲ ಜಾತಿ’ ಅನ್ನುವ ಪರಿಕಲ್ಪನೆಯನ್ನು ಅವರು ಬೆಳೆಸಿದ್ದು ಅಲ್ಲಿ ಕಂಡದ್ದರಿಂದ. ಇವತ್ತು ಚುನಾವಣೆ ಬಂದರೆ ಯಾವ ಟಿ.ವಿ. ಚಾನೆಲ್‌ಗೂ ಆ ಪದವಿಲ್ಲದೆ ಅರ್ಧ ಗಂಟೆ ನಡೆಯುವುದಿಲ್ಲ. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಕಟ್ಟಡಕ್ಕೆ ಬೆಂಕಿ ಇಟ್ಟರು. ವರ್ಷಗಟ್ಟಲೆ ಕೂತು ಜೋಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಅವರು ನೆನಪಿನಿಂದಲೇ ಆ ಹಳ್ಳಿಯನ್ನು ಬರೆದರು. 1976ರಲ್ಲಿ ಪುಸ್ತಕ ಬಂತು, ಇವತ್ತಿಗೂ ಪಾಠವಾಗುತ್ತಿದೆ.

ಅದೇ ಹಸ್ತಪ್ರತಿ ಇಂದು ನಿಮ್ಮ ಪೋರ್ಟಲ್‌ಗೆ ಬಂದಿದ್ದರೆ? ಹಳ್ಳಿಗಳ ಸಂಖ್ಯೆ: ಒಂದು. ಕೋಡರ್‌ಗಳು: ಒಬ್ಬರೇ. ದತ್ತಾಂಶ ಲಭ್ಯತೆಯ ಹೇಳಿಕೆ: ಸುಟ್ಟುಹೋಗಿದೆ. ಎರಡೇ ದಿನದಲ್ಲಿ ‘ನಮ್ಮ ಪತ್ರಿಕೆಯ ವ್ಯಾಪ್ತಿಗೆ ಬರುವುದಿಲ್ಲ’ ಅನ್ನುವ ಮೇಲ್ ಹೋಗುತ್ತಿತ್ತು. ಶ್ರೀನಿವಾಸರ ಹೆಸರು ಹೇಳಿಕೊಂಡು ನಮ್ಮ ಮಕ್ಕಳ ಸೋಮಾರಿತನ ಮುಚ್ಚುತ್ತಿದ್ದೇನೆ ಅನ್ನಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಇದು ನಮ್ಮೂರಿನ ಗೋಳು ಮಾತ್ರವೂ ಅಲ್ಲ. ಬ್ರಿಟನ್ನಿನ ‘ದಿ ಬಿಎಂಜೆ’ ವೈದ್ಯಕೀಯ ಪತ್ರಿಕೆ ಇಂಥ ಗುಣಾತ್ಮಕ (ಅಂಕಿಗಿಂತ ಜನರ ಮಾತನ್ನೇ ಆಧರಿಸಿದ) ಅಧ್ಯಯನವೊಂದನ್ನು ತಿರಸ್ಕರಿಸುವಾಗ, ಇಂಥವು ತನಗೆ ತೀರಾ ಕಡಿಮೆ ಆದ್ಯತೆಯವು, ಇವನ್ನು ಜನ ಅಷ್ಟಾಗಿ ಓದುವುದೂ ಇಲ್ಲ ಉಲ್ಲೇಖಿಸುವುದೂ ಇಲ್ಲ ಅಂತ ಬರೆದಿತ್ತು. ಆ ಪತ್ರ ಟ್ವಿಟರ್‌ನಲ್ಲಿ ಓಡಾಡಿತು. 2016ರಲ್ಲಿ ಟ್ರಿಶ್ ಗ್ರೀನ್‌ಹಾಲ್ ಸೇರಿ 11 ದೇಶಗಳ 76 ಹಿರಿಯ ವಿದ್ವಾಂಸರು ಅದೇ ಪತ್ರಿಕೆಯ ಸಂಪಾದಕರಿಗೆ ಬಹಿರಂಗ ಪತ್ರ ಬರೆದರು. ಪತ್ರಿಕೆ ಅದನ್ನು ತಾನೇ ಅಚ್ಚು ಹಾಕಿತು, ಸಂಪಾದಕರು ಉತ್ತರವನ್ನೂ ಬರೆದರು. ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ಅವರ ಬಗ್ಗೆ ಒಂದು ಗೌರವ ಉಳಿಯಿತು: ಬೇಡ ಅನ್ನುವುದನ್ನು ಬಾಯಿಬಿಟ್ಟು ಹೇಳಿದರಲ್ಲ. ನಮ್ಮಲ್ಲಿ ಹಾಗಿಲ್ಲ. ‘ಗುಣಾತ್ಮಕ ಅಧ್ಯಯನಗಳಿಗೂ ಸ್ವಾಗತ’ ಅಂತ ಮುಖಪುಟದಲ್ಲಿರುತ್ತದೆ, ಒಳಗೆ ಎಂಟು ತಿಂಗಳು ಕಾಯಿಸಿ ಅಂಕಿಸಂಖ್ಯೆಯವರ ಕೈಗೆ ಕೊಡುತ್ತಾರೆ. ಎಂಟು ತಿಂಗಳಲ್ಲಿ ಒಂದು ಫೆಲೋಶಿಪ್ ಮುಗಿದುಹೋಗುತ್ತದೆ.

ನಿಮ್ಮ ಕಡೆಯ ಒತ್ತಡವೂ ನನಗೆ ಗೊತ್ತು. 2010ರಲ್ಲಿ ಯುಜಿಸಿ ಬಡ್ತಿಗೂ ನೇಮಕಕ್ಕೂ ಎಪಿಐ ಅಂಕ (ಪಾಠ, ಪ್ರಬಂಧಗಳನ್ನು ಎಣಿಸಿ ಕೊಡುವ ಅಂಕ) ತಂದ ಮೇಲೆ ಪ್ರಬಂಧ ಅನ್ನುವುದು ಜ್ಞಾನದಿಂದ ರೇಷನ್ ಕಾರ್ಡಿಗೆ ಇಳಿಯಿತು. ರಾತ್ರೋರಾತ್ರಿ ಜರ್ನಲ್‌ಗಳು ಹುಟ್ಟಿದವು. ‘ಮೂರು ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಉಚಿತ’ ಅನ್ನುವ ವಾಟ್ಸ್ಆ್ಯಪ್ ಸಂದೇಶ ನಮ್ಮ ಕಾಲೇಜಿನ ಗುಂಪಿಗೆ ಇವತ್ತೂ ಬರುತ್ತದೆ, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ. 2018ರ ಮೇ ತಿಂಗಳಲ್ಲಿ ಯುಜಿಸಿಯೇ ತನ್ನ ಒಪ್ಪಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತು ಹಾಕಬೇಕಾಯಿತು. ಆಮೇಲೆ 2019ರಲ್ಲಿ ಒಪ್ಪಿತ ಜರ್ನಲ್‌ಗಳ ಹೊಸ ‘ಕೇರ್’ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದೂ ಹೋಯಿತು. ಯಾವುದು ಒಳ್ಳೆಯ ಜರ್ನಲ್ ಅಂತ ಈಗ ಆಯಾ ವಿಶ್ವವಿದ್ಯಾಲಯವೇ ನೋಡಿಕೊಳ್ಳಬೇಕು. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮುಂಚೆ ಪ್ರಕಟಣೆ ಕಡ್ಡಾಯ ಅನ್ನುವ ನಿಯಮವನ್ನು 2022ರಲ್ಲಿ ತೆಗೆದರು, ಕೆಲಸದ ಸಂದರ್ಶನಕ್ಕೆ ಕೂತಾಗ ಮಾತ್ರ ‘ಎಷ್ಟು ಪೇಪರ್?’ ಅನ್ನುವುದೇ ಮೊದಲ ಪ್ರಶ್ನೆ. ಇಂಥ ಕಾಲದಲ್ಲಿ ಒಬ್ಬ ಹೆಂಗಸಿನ ಮನೆಗೆ ಐದು ಸಲ ಹೋಗುವವಳು ದಡ್ಡಿ, ಗೂಗಲ್ ಫಾರ್ಮ್ ಕಳಿಸಿ ಸಂಜೆಯೊಳಗೆ 300 ಉತ್ತರ ತರಿಸಿಕೊಳ್ಳುವವಳು ಜಾಣೆ. ನಮ್ಮ ಹುಡುಗಿಗೆ ಅವಳ ಸಹಪಾಠಿಗಳು ಇದನ್ನೇ ಹೇಳುತ್ತಿದ್ದಾರೆ.

ಒಬ್ಬರ ಮಾತು ಊರಿಗೆಲ್ಲ ಹೇಗೆ ಅನ್ವಯಿಸುತ್ತದೆ ಅಂತ ಕೇಳಿದಿರಿ. 2016ರ ಏಪ್ರಿಲ್ ನೆನಪಿದೆಯೇ? ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ನಿಯಮ ಮಾಡಿತ್ತು. ಏಪ್ರಿಲ್ 18ರಂದು ಹೊಸೂರು ರಸ್ತೆಗೆ, ಮಾರನೇ ದಿನ ಈ ಕಡೆ ತುಮಕೂರು ರಸ್ತೆಗೂ ಗಾರ್ಮೆಂಟ್ಸ್‌ನವರು ಸಾವಿರಗಟ್ಟಲೆ ಇಳಿದರು. ಹೆಚ್ಚಿನವರು ಹೆಂಗಸರು, ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ. ಊರು ನಿಂತುಹೋಯಿತು. 19ರಂದೇ ಸರ್ಕಾರ ನಿಯಮ ವಾಪಸು ತೆಗೆದುಕೊಂಡಿತು. ಕಡತದಲ್ಲಿ ಪಿಎಫ್ ಅಂದರೆ ಮುಪ್ಪಿನ ಹಣ. ಲಗ್ಗೆರೆಯ ಒಂದೇ ಕೋಣೆಯ ಮನೆಯಲ್ಲಿ ಅದು ಮಗಳ ಮದುವೆ, ಆಸ್ಪತ್ರೆ ಬಿಲ್ಲು, ಬಡ್ಡಿಯವನ ಬಾಯಿ ಮುಚ್ಚಿಸುವ ಹಣ. ‘ಕೆಲಸ ಬಿಟ್ರೆ ಪಿಎಫ್ ಬರುತ್ತಲ್ಲ’ ಅನ್ನುವ ಒಂದು ಮಾತನ್ನು ಐದಾರು ಅಡುಗೆಮನೆಗಳಲ್ಲಿ ಕೂತು ಸರಿಯಾಗಿ ಕೇಳಿಸಿಕೊಂಡವರಿಗೆ ಆ ನಿಯಮ ಎಲ್ಲಿ ಹೋಗಿ ತಾಗುತ್ತದೆ ಅಂತ ಊಹಿಸಲು ಸಾವಿರ ಜನರ ಸ್ಯಾಂಪಲ್ ಬೇಕಿರಲಿಲ್ಲ.

ಈಗ ನಮ್ಮ ಕಡೆಯ ತಪ್ಪು. ನಾನೂ ಮೂರು ಜರ್ನಲ್‌ಗಳಿಗೆ ವಿಮರ್ಶಕಿ. ನನ್ನ ಹತ್ತಿರ ಬರುವ ಗುಣಾತ್ಮಕ ಪ್ರಬಂಧಗಳಲ್ಲಿ ಎಷ್ಟೋ ಓದಲಾಗದಂಥವು. ಒಂದೇ ಮಧ್ಯಾಹ್ನ ಹತ್ತು ಜನರನ್ನು ಸಾಲಾಗಿ ಕೂರಿಸಿ ಇಪ್ಪತ್ತಿಪ್ಪತ್ತು ನಿಮಿಷ ಮಾತಾಡಿಸಿ ‘ಆಳವಾದ ಸಂದರ್ಶನ’ ಅನ್ನುತ್ತಾರೆ. ಯಾರದೋ ಮಾತನ್ನು ಉದ್ಧರಣೆ ಚಿಹ್ನೆಯಲ್ಲಿ ಹಾಕಿ, ಕೆಳಗೆ ಅದನ್ನೇ ಇನ್ನೊಂದು ಸಲ ಹೇಳಿ, ಮೇಲೆ ಫ್ರೆಂಚ್ ಚಿಂತಕರೊಬ್ಬರ ಹೆಸರನ್ನು ಕೊತ್ತಂಬರಿ ಸೊಪ್ಪಿನಂತೆ ಉದುರಿಸಿರುತ್ತಾರೆ. ಇಂಥವನ್ನು ಧಾರಾಳವಾಗಿ ವಾಪಸು ಕಳಿಸಿ, ನಾನೂ ಕಳಿಸುತ್ತೇನೆ. ಒಮ್ಮೆ ಒಂದು ಒಳ್ಳೆಯ ಪ್ರಬಂಧವನ್ನೂ ಕಳಿಸಿದೆ, ಪರೀಕ್ಷೆ ಪೇಪರ್ ತಿದ್ದುವ ಗಡಿಬಿಡಿಯಲ್ಲಿ, ‘ಸ್ಯಾಂಪಲ್ ಚಿಕ್ಕದು’ ಅಂತ ಒಂದೇ ಸಾಲು ಬರೆದು. ಅದು ಒಬ್ಬ ಪೌರಕಾರ್ಮಿಕರ ಕುಟುಂಬದ ಮೂರು ತಲೆಮಾರಿನ ಕಥೆ. ಬರೆದವರು ಯಾರು ಅಂತ ನನಗೆ ಗೊತ್ತಾಗುವ ಹಾಗಿಲ್ಲ, ಕ್ಷಮೆ ಕೇಳಲೂ ದಾರಿಯಿಲ್ಲ.

ಆದ್ದರಿಂದ ರಿಯಾಯಿತಿ ಬೇಡ. ಇನ್ನೂ ಕಠಿಣವಾದ ಪ್ರಶ್ನೆ ಕೇಳಿ, ಆದರೆ ಈ ಕೆಲಸಕ್ಕೆ ತಕ್ಕದ್ದನ್ನು ಕೇಳಿ. ಎಷ್ಟು ಸಲ ಹೋದಿರಿ, ಬಾಗಿಲು ತೆರೆದದ್ದು ಯಾರು, ಮಾತಾಡುವಾಗ ಅತ್ತೆ ಪಕ್ಕದಲ್ಲಿದ್ದರೇ? ನಿಮ್ಮ ಜಾತಿ, ನಿಮ್ಮ ಇಂಗ್ಲಿಷು, ನಿಮ್ಮ ಸ್ಕೂಟರ್ ಅವರ ಮಾತನ್ನು ಹೇಗೆ ತಿರುಗಿಸಿತು? ಹೊರಟಾಗ ಏನಂದುಕೊಂಡಿದ್ದಿರಿ, ಅದರಲ್ಲಿ ಯಾವುದು ಸುಳ್ಳಾಯಿತು? ನಿಮ್ಮ ವಾದಕ್ಕೆ ಒಗ್ಗದ ಒಬ್ಬಳು ಇದ್ದಿರಲೇಬೇಕು, ಅವಳೆಲ್ಲಿ? ಇವಕ್ಕೆ ಉತ್ತರಿಸುವುದು ಕಪ್ಪಾ ಹಾಕಿದಷ್ಟು ಸುಲಭವಲ್ಲ. ಯಾವ ದರ್ಶಿನಿಯಲ್ಲೂ ಆಗುವ ಕೆಲಸವಲ್ಲ.

ಕೊರೆಕ್ ಅಂತ 2007ರಿಂದ ಒಂದು ಪಟ್ಟಿ ಇದೆ, ಗುಣಾತ್ಮಕ ಪ್ರಬಂಧದಲ್ಲಿ ಏನೇನು ಹೇಳಿರಬೇಕು ಅನ್ನುವ 32 ಅಂಶಗಳದ್ದು. ಅದನ್ನು ತುಂಬಿಸಿ ಕಳಿಸಿ ಅನ್ನುತ್ತೀರಿ. ಪಟ್ಟಿ ಕೆಟ್ಟದ್ದಲ್ಲ, ಓದದೆ ‘ಹೌದು’ ಗುರುತು ಹಾಕುವುದು ಕೆಟ್ಟದ್ದು. ಬರೆದಿಳಿಸಿದ ಮಾತನ್ನು ಆಡಿದವರಿಗೇ ವಾಪಸು ತೋರಿಸಿದಿರಾ ಅನ್ನುವುದು ಅದರಲ್ಲೊಂದು. ಎಷ್ಟೋ ಜನ ತೋರಿಸದೆ ಗುರುತು ಹಾಕುತ್ತಾರೆ. ನಮ್ಮ ಹುಡುಗಿ 18 ಪುಟ ಪ್ರಿಂಟ್ ತೆಗೆದುಕೊಂಡು ಲಕ್ಷ್ಮಕ್ಕನ ಮನೆಗೆ ಹೋದಳು. ಲಕ್ಷ್ಮಕ್ಕನಿಗೆ ಓದಲು ಸರಾಗವಾಗಿ ಬರುವುದಿಲ್ಲ. ಇವಳೇ ಓದಿ ಹೇಳಿದಳು. ‘ಇಷ್ಟೊಂದ್ ಮಾತಾಡಿದೀನಾ ನಾನು?’ ಅಂತ ಮೊದಲು ನಕ್ಕರಂತೆ. ಸೂಪರ್‌ವೈಸರ್ ಪೀಸ್ ಎಸೆದ ಜಾಗ ಬಂದಾಗ ‘ಇದಿರ್ಲಿ’ ಅಂದರು. ಮೈದುನನ ವಿಷಯ ಬಂದಾಗ ‘ಇದ್ ಬ್ಯಾಡ, ತಗ್ದಾಕು’ ಅಂದರು. ನೀರಿನ ಮಾತು ಬಂದಾಗ ಸುಮ್ಮನಾಗಿ, ‘ನನ್ ಮಗ್ಳೂ ಈಗ ಅಲ್ಲೇ ಹೋಗ್ತಾಳೆ, ಅವ್ಳೂ ಕುಡಿಯಲ್ಲ’ ಅಂತ ಹೊಸದಾಗಿ ಸೇರಿಸಿದರು. ಪ್ರಬಂಧದ ಅತಿ ಮುಖ್ಯವಾದ ಸಾಲು ಬಂದದ್ದು ಪಟ್ಟಿಯ ಆ ಒಂದು ಅಂಶದಿಂದ. ಎದ್ದು ಬರುವಾಗ ಅವರು ಕೇಳಿದ್ದು, ‘ಇದ್ನ ಯಾರ್ ಓದ್ತಾರಮ್ಮ?’

ಯಾರು ಓದುತ್ತಾರೆ? ‘ಒಂದು ರಾಷ್ಟ್ರ ಒಂದು ಚಂದಾ’ ಅಂತ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು ಹೊರದೇಶದ ಪ್ರಕಾಶಕರ ಜರ್ನಲ್‌ಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದ್ದಾರೆ, ಒಳ್ಳೆಯದೇ. ಲಕ್ಷ್ಮಕ್ಕನ ಮಗಳು ಪಿಯುಸಿ ಓದಿದವಳು, ಕನ್ನಡ ಚೆನ್ನಾಗಿ ಬರುತ್ತದೆ. ಅವಳ ತಾಯಿಯ ಬಗ್ಗೆ ಬರೆದದ್ದನ್ನು ಅವಳು ಓದಲಾರಳು. ಇದೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಶುರು ಮಾಡಿತು, ವಿದ್ವತ್ತಿನ ಮಾತು ಕನ್ನಡದಲ್ಲೂ ಆಗಬೇಕು ಅಂತ. ನೂರು ವರ್ಷ ದಾಟಿತು. ಪೂರ್ತಿ ಪ್ರಬಂಧ ಕನ್ನಡದಲ್ಲಿ ಹಾಕಿ ಅಂತ ನಾನು ಕೇಳುತ್ತಿಲ್ಲ. ಯಾರ ಭಾಷೆಯಲ್ಲಿ ಮಾತು ಸಿಕ್ಕಿತೋ ಆ ಭಾಷೆಯಲ್ಲಿ ಒಂದು ಪುಟ ಸಾರಾಂಶ, ಪ್ರಬಂಧದ ಜೊತೆಗೇ, ದುಡ್ಡು ಕಟ್ಟದೆ ತೆರೆದುಕೊಳ್ಳುವ ಹಾಗೆ. ಅನುವಾದ ನಾವೇ ಮಾಡಿ ಕಳಿಸುತ್ತೇವೆ.

ಮೂಲ ಭಾಷೆಯ ಉದ್ಧರಣೆಗಳನ್ನು ಪದಮಿತಿಯ ಲೆಕ್ಕದಿಂದ ಬಿಡಿ. ನಮ್ಮದು ಬೇಡವೆಂದಿದ್ದರೆ ಹದಿನೈದು ದಿನದಲ್ಲಿ ಹೇಳಿಬಿಡಿ, ಬೇರೆ ಕಡೆ ಹೋಗುತ್ತೇವೆ. ಬೇಕೆಂದಿದ್ದರೆ ಇಬ್ಬರಲ್ಲಿ ಒಬ್ಬರಾದರೂ ಯಾರದಾದರೂ ಮನೆಯ ಚಾಪೆ ಮೇಲೆ ಕೂತು ಬಂದ ವಿಮರ್ಶಕರಿರಲಿ.

ತಿದ್ದಿದ ಪ್ರತಿಗೆ ನೀವು ಕೊಟ್ಟ ಗಡುವು ಈ ತಿಂಗಳ 30. ಅದರೊಳಗೆ ಪೋರ್ಟಲ್‌ಗೆ ಹಾಕುತ್ತೇವೆ. ಅದರಲ್ಲಿ ಶೇಕಡಾ 77.3 ಇರುವುದಿಲ್ಲ, ಕಪ್ಪಾ ಇರುವುದಿಲ್ಲ. ಸಂದರ್ಶನ ಯಾಕೆ ನಿಲ್ಲಿಸಿದೆವು ಅನ್ನುವ ಕಡೆ, ಫೆಲೋಶಿಪ್ ಮುಗಿದಿದ್ದಕ್ಕೆ ಅಂತಲೇ ಬರೆದಿರುತ್ತದೆ. ‘ಬೇಜಾರು’ ನಾಲ್ಕು ಸಲ ಕನ್ನಡದ ಅಕ್ಷರದಲ್ಲಿ ಬರುತ್ತದೆ. ಫಾಂಟ್ ತೊಂದರೆ ಕೊಟ್ಟರೆ ತಿಳಿಸಿ, ಚಿತ್ರ ಮಾಡಿ ಕಳಿಸಿಕೊಡುತ್ತೇವೆ.

ಇಂತಿ,
ಸಮಾಜಕಾರ್ಯ ಕಲಿಸುವ ಒಬ್ಬ ಟೀಚರ್
ನಾಗರಭಾವಿ, ಬೆಂಗಳೂರು